ಬುಧವಾರದ ಸಮಗೋಷ್ಠಿ

ಒಂದು ಊರಿನಲ್ಲಿ ಗುಡ್ಡದ ಮೇಲೆ ವಿಶ್ವವಿದ್ಯಾಲಯವಿತ್ತು, ಗುಡ್ಡದ ಬುಡದಲ್ಲಿ ಸುಣ್ಣ ಸುಡುವ ಗೂಡುಗಳಿದ್ದವು. ಗೂಡುಗಳ ಹೊಗೆ ಗಾಳಿ ಬೀಸಿದ ಕಡೆಗೆ ಹೊರಳುತ್ತಿತ್ತೇ ಹೊರತು ಗುಡ್ಡದ ಎತ್ತರಕ್ಕೆ ಎಂದೂ ಏರುತ್ತಿರಲಿಲ್ಲ. ಗೂಡುಗಳ ಸುತ್ತಲಿನ ಗೂಡುಕೇರಿಯಲ್ಲಿ ಹುಟ್ಟಿ ಬೆಳೆದವರ ಗಂಟಲು ಹರೆಯಕ್ಕೆ ಬರುವಷ್ಟರಲ್ಲಿ ಕೆಟ್ಟುಹೋಗುತ್ತಿತ್ತು. ಅವರ ಮಾತು ಒರಟಾಗಿ, ಉಸಿರು ಬೆರೆತು, ನಡುನಡುವೆ ಕೆಮ್ಮಿನಿಂದ ತುಂಡಾಗಿ ಬರುತ್ತಿತ್ತು. ಗುಡ್ಡದವರ ದನಿ ತಿಳಿಯಾಗಿತ್ತು. ಅದು ತಮ್ಮ ಮನೆತನಗಳ ಗುಣವೆಂದೇ ಅವರು ನಂಬಿದ್ದರು.

ವಿಶ್ವವಿದ್ಯಾಲಯದಲ್ಲಿ ಒಂದು ಹಳೆಯ ನಿಯಮವಿತ್ತು. ಅಧ್ಯಾಪಕನಾಗಬೇಕಾದವನು ದೊಡ್ಡ ಸಭಾಂಗಣದಲ್ಲಿ ನಿಂತು, ಕೊನೆಯ ಸಾಲಿನವರಿಗೂ ಕೇಳಿಸುವಂತೆ, ದನಿ ಎಲ್ಲಿಯೂ ಒಡೆಯದಂತೆ ಒಂದು ಪುಟ ಓದಬೇಕು. ಇದಕ್ಕೆ ಕಂಠಪರೀಕ್ಷೆ ಎಂದು ಹೆಸರು. ಅದನ್ನು ಮಾಡಿದವರು ಗೂಡುಕೇರಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರಲಿಲ್ಲ. ಗೂಡುಕೇರಿಯವರು ಒಂದು ದಿನ ಗುಡ್ಡ ಹತ್ತಿ ಬಂದಾರು ಎಂದು ಅವರಿಗೆ ಹೊಳೆದೇ ಇರಲಿಲ್ಲ.

ಕಾಲಾನಂತರ ಅವರು ಬಂದರು. ಓದಿದರು, ಪದವಿ ಪಡೆದರು. ಕೆಲವರು ಮಹಾಪ್ರಬಂಧವನ್ನೂ ಬರೆದರು. ಆಮೇಲೆ ಕಂಠಪರೀಕ್ಷೆಯಲ್ಲಿ ಕೆಮ್ಮಿ, ನೆಲಮಾಳಿಗೆಯ ಕೋಣೆಗಳಲ್ಲಿ ಹಂಗಾಮಿ ಸಹಾಯಕರಾಗಿ ಉಳಿದರು. ಅಧ್ಯಾಪಕರಿಗೆ ಪಾಠ ಸಿದ್ಧಪಡಿಸಿ ಕೊಡುವುದು, ಉತ್ತರಪತ್ರಿಕೆ ತಿದ್ದುವುದು, ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು ಅವರ ಕೆಲಸವಾಗಿತ್ತು.

ಅವರಲ್ಲಿ ಒಬ್ಬಳು ಮಾತ್ರ ಮೇಲಂತಸ್ತಿಗೆ ಹೋಗಿದ್ದಳು. ಅವಳ ಹೆಸರು ದೇವೀರಿ. ಅವಳು ತೀರ ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡಿದ್ದರಿಂದ ಹೊಳೆಯಾಚೆಯ ಚಿಕ್ಕಮ್ಮನ ಮನೆಯಲ್ಲಿ ಬೆಳೆದಳು. ಅಲ್ಲಿ ಹೊಗೆಯಿರಲಿಲ್ಲ, ಅವಳ ಗಂಟಲು ಉಳಿಯಿತು. ಕಂಠಪರೀಕ್ಷೆಯ ದಿನ ಅವಳು ಓದಿದ ಪುಟ ಸಭಾಂಗಣದ ಹೊರಗಿನ ಮರದಡಿಯವರೆಗೂ ಕೇಳಿಸಿತಂತೆ. ಅಂದಿನಿಂದ, ಪರೀಕ್ಷೆಯ ವಿಚಾರವಾಗಿ ಯಾರಾದರೂ ಮಾತೆತ್ತಿದರೆ ಗುಡ್ಡದವರು ದೇವೀರಿಯನ್ನು ತೋರಿಸುತ್ತಿದ್ದರು. "ಅವರು ಪಾಸಾಗಲಿಲ್ಲವೇ?" ಎನ್ನುತ್ತಿದ್ದರು.

ಈ ಮಾತು ದೇವೀರಿಯನ್ನು ವರ್ಷಗಟ್ಟಲೆ ಚುಚ್ಚಿತು. ಹೊನ್ನಿ ಎಂಬ ಶಿಷ್ಯೆ ಪರೀಕ್ಷೆಯಲ್ಲಿ ಎರಡನೆಯ ಸಲ ಸೋತಾಗ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಹೊನ್ನಿ ಗೂಡಿಗೆ ಬೆಂಕಿ ಹಾಕುವವನ ಮಗಳು. ಹೊಲಗಳ ಹೆಸರು, ಗಡಿಯ ಹಳೆಯ ಬಾಂದುಗಲ್ಲುಗಳನ್ನು ಆಧಾರವಾಗಿಟ್ಟುಕೊಂಡು ಊರಿನ ಹೊಳೆ ಎಷ್ಟು ಸಲ ತನ್ನ ದಾರಿ ಬದಲಿಸಿದೆ ಎಂದು ತೋರಿಸಿಕೊಟ್ಟ ಅವಳ ಪ್ರಬಂಧವನ್ನು ಹೊರಗಿನ ವಿದ್ವಾಂಸರೆಲ್ಲ ಮೆಚ್ಚಿದ್ದರು. ಆದರೂ ಅವಳು ನೆಲಮಾಳಿಗೆಯಲ್ಲಿದ್ದಳು.

ದೇವೀರಿ ಬುಧವಾರದ ಸಂಜೆಗಳಲ್ಲಿ ಉಗ್ರಾಣದ ಪಕ್ಕದ ಸಣ್ಣ ಕೋಣೆಯೊಂದರಲ್ಲಿ ಮಾತುಕತೆ ಶುರುಮಾಡಿದಳು. ಅದಕ್ಕೆ ಸಮಗೋಷ್ಠಿ ಎಂದು ಹೆಸರಿಟ್ಟಳು. ಗೂಡುಕೇರಿಯಿಂದ ಬಂದು ಅಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಸೇರುತ್ತಿದ್ದರು. ಕೋಣೆ ಇಕ್ಕಟ್ಟಾಗಿದ್ದರಿಂದ ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರಬೇಕಿತ್ತು. ಅಷ್ಟು ಹತ್ತಿರದಲ್ಲಿ ಯಾರ ಮಾತೂ ಕೇಳಿಸದೆ ಹೋಗುತ್ತಿರಲಿಲ್ಲ. ಒಬ್ಬರು ಕೆಮ್ಮಿದರೆ ಉಳಿದವರು ಕಾಯುತ್ತಿದ್ದರು.

ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ದೊಡ್ಡಯ್ಯ ಒಂದು ಸಂಜೆ ಹೇಳಿದ: "ಈ ಕೋಣೇಲಿ ನಾವು ಪಾಠ ಮಾಡಬಹುದಲ್ಲ. ಇಷ್ಟೇ ಜನ, ಇಷ್ಟೇ ಹತ್ರ. ದೊಡ್ಡ ಹಾಲಿನಲ್ಲೇ ಓದಬೇಕು ಅಂತ ಯಾಕೆ?"

ಇಷ್ಟು ಸರಳವಾದದ್ದನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ. ಕಂಠಪರೀಕ್ಷೆಯನ್ನು ತೆಗೆದುಹಾಕಿ ಎಂದು ಕೇಳುವುದೇ ಸಮಗೋಷ್ಠಿಯ ಮೊದಲ ಮತ್ತು ಒಂದೇ ಬೇಡಿಕೆಯೆಂದು ಅಂದು ತೀರ್ಮಾನವಾಯಿತು. ಅದನ್ನು ಹೊತ್ತುಕೊಂಡು ದೇವೀರಿ ಕುಲಪತಿಯ ಬಳಿಗೆ ಹೋದಳು.

ಕುಲಪತಿ ಒಳ್ಳೆಯ ಮನುಷ್ಯ. ಎದ್ದು ನಿಂತು ಅವಳನ್ನು ಬರಮಾಡಿಕೊಂಡರು, ಪೂರ್ತಿ ಕೇಳಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ದೇವೀರಮ್ಮನವರೇ, ಇಂಥದ್ದೊಂದು ಗೋಷ್ಠಿ ನಮ್ಮಲ್ಲಿ ಇಷ್ಟು ದಿನ ಇರಲಿಲ್ಲ ಅನ್ನೋದಕ್ಕೆ ನನಗೆ ನಾಚಿಕೆಯಾಗ್ತಿದೆ. ಅದೂ ಉಗ್ರಾಣದ ಪಕ್ಕ! ನಾಳೆಯಿಂದ ದೊಡ್ಡ ಸಭಾಂಗಣ ನಿಮ್ಮದು."

"ನಮಗೆ ಆ ಕೋಣೆಯೇ ಸಾಕು ಸರ್. ಪರೀಕ್ಷೆಯ ವಿಚಾರ..."

"ಅದು ಗಂಭೀರವಾದ ವಿಚಾರ. ಅದಕ್ಕೇ ಹೇಳ್ತಿರೋದು, ಎಲ್ಲರೂ ಸೇರಿ ಚರ್ಚೆ ಮಾಡೋಣ."

ದೇವೀರಿ ಸಂತೋಷದಿಂದ ಹೊರಬಂದಳು. ತಾನು ಒಯ್ದಿದ್ದ ಬೇಡಿಕೆ ಬಾಗಿಲು ದಾಟುವಷ್ಟರಲ್ಲಿ ಬರೀ ಚರ್ಚೆಯ ವಿಷಯವಾಗಿ ಬದಲಾಗಿದ್ದು ಅವಳ ಗಮನಕ್ಕೆ ಬರಲಿಲ್ಲ.

ಮುಂದಿನ ಬುಧವಾರ ಸಭಾಂಗಣದ ಬಾಗಿಲಿಗೆ ಸಮಗೋಷ್ಠಿ ಎಂದು ಬರೆದ ಬಣ್ಣದ ಬಟ್ಟೆ ಕಟ್ಟಿದ್ದರು. ಚಹಾ ಇತ್ತು, ಬಿಸಿ ಬೋಂಡ ಇತ್ತು. ಗುಡ್ಡದವರು ಕುಟುಂಬಸಮೇತರಾಗಿ ಬಂದರು. ಬಂದವರಲ್ಲಿ ಯಾರೂ ಕೆಟ್ಟ ಉದ್ದೇಶದಿಂದ ಬಂದಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಆದರೆ ಹೊನ್ನಿ ಎದ್ದು ನಿಂತು ಮಾತಾಡಿದಾಗ ಎರಡನೆಯ ಸಾಲಿನಿಂದಾಚೆಗೆ ಏನೂ ಕೇಳಿಸಲಿಲ್ಲ. ಹಿಂದಿನಿಂದ ಜನ ಕಿವಿಗೆ ಕೈಯಿಟ್ಟು "ಸ್ವಲ್ಪ ಜೋರಾಗಿ" ಎಂದರು. ಅವಳು ಜೋರು ಮಾಡಿದಳು, ಕೆಮ್ಮು ಬಂತು.

ಆಗ ವಾಗೀಶರು ಎದ್ದರು. ಗುಡ್ಡದ ಹಳೆಯ ಮನೆತನದವರು, ಸಾಹಿತ್ಯದ ಅಧ್ಯಾಪಕರು. ಇಡೀ ವಿಶ್ವವಿದ್ಯಾಲಯದಲ್ಲಿ ಅಷ್ಟು ಇಂಪಾದ ದನಿ ಇನ್ನೊಂದಿರಲಿಲ್ಲ. "ತಂಗೀ, ನೀನು ನನ್ನ ಕಿವಿಯಲ್ಲಿ ಹೇಳು. ನಾನು ಎಲ್ಲರಿಗೂ ಹೇಳ್ತೀನಿ" ಎಂದರು.

ಹೊನ್ನಿ ಅವರ ಕಿವಿಯಲ್ಲಿ ಹೇಳಿದಳು: "ಪರೀಕ್ಷೆ ತೆಗೀರಿ. ತೆಗೆಯೋಕೆ ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಹೇಳಿ. ನಮ್ಮಪ್ಪನ ಗಂಟಲು ಹೋಗಿದ್ದು ಈ ಗೋಡೆಗೆ ಸುಣ್ಣ ಸುಟ್ಟು."

ವಾಗೀಶರು ಕಣ್ಣು ಮುಚ್ಚಿ ಒಂದು ಗಳಿಗೆ ನಿಂತರು. ಅನಂತರ ಸಭೆಯತ್ತ ತಿರುಗಿದರು. "ಈ ಹೆಣ್ಣುಮಗಳು ಹೇಳುತ್ತಾಳೆ: ನನ್ನ ತಂದೆ ಸುಟ್ಟ ಸುಣ್ಣ ನಿಮ್ಮ ಗೋಡೆಗಳ ಮೇಲೆ ಬೆಳ್ಳಗೆ ನಗುತ್ತಿದೆ. ಆ ಬಿಳುಪಿನಲ್ಲಿ ನಾನು ನನ್ನ ತಂದೆಯ ಮುಖವನ್ನು ಹುಡುಕುತ್ತೇನೆ."

ಮುಂದಿನ ಸಾಲಿನ ಹೆಂಗಸೊಬ್ಬಳು ಬಿಕ್ಕಿದಳು.

"ನಾನು ಹೇಳಿದ್ದು ಅದಲ್ಲ" ಎಂದಳು ಹೊನ್ನಿ. ಅದು ಯಾರಿಗೂ ಕೇಳಿಸಲಿಲ್ಲ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಅಂದಿನಿಂದ ಹಾಗೆಯೇ ನಡೆಯಿತು. ಗೂಡುಕೇರಿಯವರು ಕಿವಿಯಲ್ಲಿ ಹೇಳುವರು, ವಾಗೀಶರು ಸಭೆಗೆ ಹೇಳುವರು. ಸಮಗೋಷ್ಠಿಯ ಖ್ಯಾತಿ ಪರವೂರುಗಳಿಗೂ ಹಬ್ಬಿತು. ಬೇರೆ ವಿಶ್ವವಿದ್ಯಾಲಯಗಳವರು ನೋಡಲು ಬಂದರು. ವಾಗೀಶರು ಅಲ್ಲಿ ಕೇಳಿದ್ದನ್ನೆಲ್ಲ ಸೇರಿಸಿ ಒಂದು ಪುಸ್ತಕ ಬರೆದರು. ಅದನ್ನು ಓದಿ ಅಳದವರಿಲ್ಲ ಎಂದು ಗುಡ್ಡದಲ್ಲಿ ಹೇಳಿಕೊಂಡರು.

ಈ ನಡುವೆ ಒಂದು ದಿನ ಕುಲಪತಿ ದೇವೀರಿಯನ್ನು ಕರೆಸಿ, ತುಂಬ ಸಂಕೋಚದಿಂದ, ಗೋಷ್ಠಿಯಲ್ಲಿ ಪರೀಕ್ಷೆಯ ಪ್ರಸ್ತಾಪ ಬಂದಾಗಲೆಲ್ಲ ಪಾಸಾದವರಿಗೆ ತಮ್ಮ ಮೇಲೆ ಆಪಾದನೆ ಹೊರಿಸಿದಂತಾಗುತ್ತದೆ ಎಂದರು. ಅವರು ಬರುವುದನ್ನು ನಿಲ್ಲಿಸಿಬಿಟ್ಟರೆ ಗೋಷ್ಠಿಯಿಂದ ಯಾರಿಗೆ ಪ್ರಯೋಜನ ಎಂದೂ ಕೇಳಿದರು. ಸಭೆಯಲ್ಲಿ ಯಾರ ಮನಸ್ಸಿಗೂ ನೋವಾಗದಂತೆ ಮಾತಾಡಬೇಕು ಎಂಬ ನಿಯಮ ಹಾಗೆ ಬಂತು. ದೇವೀರಿ ಒಪ್ಪಿದಳು. ಬಾಗಿಲು ತೆರೆದಿದ್ದರೆ ಇಂದಲ್ಲ ನಾಳೆ ಒಳಗೆ ಹೋಗಬಹುದು ಎಂಬುದು ಅವಳ ಲೆಕ್ಕಾಚಾರ.

ದೊಡ್ಡಯ್ಯ ಬರುವುದನ್ನು ನಿಲ್ಲಿಸಿದ. ಹೊನ್ನಿ ಒಂದು ಸಂಜೆ ದೇವೀರಿಯನ್ನು ಮೆಟ್ಟಿಲಲ್ಲಿ ತಡೆದು ನಿಲ್ಲಿಸಿದಳು.

"ಅಕ್ಕಾ, ಆ ಸಣ್ಣ ಕೋಣೆಗೇ ವಾಪಸ್ ಹೋಗೋಣ."

"ಈಗ ಹೋದ್ರೆ ಬಿಟ್ಟುಕೊಟ್ಟಂಗಾಗುತ್ತೆ ಹೊನ್ನಿ. ಒಂದು ಹುದ್ದೆ ಬರ್ತಾ ಇದೆ. ಸಮತಾ ಅಧ್ಯಯನಕ್ಕೆ ಅಂತಲೇ ಹೊಸ ಅಧ್ಯಾಪಕರು. ನಮ್ಮ ಗೋಷ್ಠಿ ಇಲ್ದೇ ಇದ್ದಿದ್ರೆ ಆ ಹುದ್ದೆ ಹುಟ್ತಾನೇ ಇರಲಿಲ್ಲ. ಅದು ನಿನ್ನದೇ."

"ನನ್ನದೇ ಅಂತ ಯಾರು ಹೇಳಿದ್ರು?"

"ನಾನು ಆಯ್ಕೆ ಸಮಿತಿಯಲ್ಲಿದ್ದೀನಿ."

ಹೊನ್ನಿ ಅವಳ ಮುಖ ನೋಡಿದಳು. ತನಗೆ ಕೈ ಹಿಡಿದು ಅಕ್ಷರ ತಿದ್ದಿಸಿದವಳು, ಮನೆಯಲ್ಲಿ ಅನ್ನವಿಲ್ಲದ ದಿನ ಕರೆದು ಊಟಕ್ಕೆ ಕೂರಿಸಿದವಳು ಇವಳೇ. ಅರ್ಜಿ ಹಾಕಿದಳು.

ಆ ಹುದ್ದೆಗೆ ತಮ್ಮ ಪುಸ್ತಕವನ್ನು ಮುಂದಿಟ್ಟು ವಾಗೀಶರೂ ಅರ್ಜಿ ಹಾಕಿದ್ದರು. ಸಮತಾ ಅಧ್ಯಯನದ ಹುದ್ದೆಗೂ ಕಂಠಪರೀಕ್ಷೆ ಇರುತ್ತದೆ ಎಂದು ಸಮಿತಿ ಹೇಳಿದಾಗ ದೇವೀರಿ ಬೆಚ್ಚಿದಳು. "ಈ ಹುದ್ದೆಗಂತೂ ಇರಲೇಬೇಕಲ್ಲವೇ? ಇಲ್ಲದಿದ್ದರೆ ಗೂಡುಕೇರಿಯವರಿಗಾಗಿ ಮಟ್ಟ ಇಳಿಸಿದರು ಅಂತ ಜನ ಆಡಿಕೊಳ್ತಾರೆ. ಅದರಿಂದ ಅವಮಾನ ಅವರಿಗೇ" ಎಂದರು ಕುಲಪತಿ.

ಪರೀಕ್ಷೆಯ ದಿನ ಸಮಿತಿಯವರು ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತರು. ವೇದಿಕೆಯ ಮೇಲೆ ಹೊನ್ನಿಯ ಕೈಗೆ ಓದಲು ಒಂದು ಪುಸ್ತಕ ಕೊಟ್ಟರು. ವಿಷಯಕ್ಕೆ ಹೊಂದಲಿ ಎಂದು ಅವರು ಆರಿಸಿದ್ದು ವಾಗೀಶರ ಪುಸ್ತಕವನ್ನೇ. ಗುರುತು ಹಾಕಿದ ಪುಟವನ್ನು ಹೊನ್ನಿ ನೋಡಿದಳು. ತಲೆಯೆತ್ತಿ ದೇವೀರಿಯನ್ನು ನೋಡಿದಳು. ಓದತೊಡಗಿದಳು.

"ನನ್ನ ತಂದೆ ಸುಟ್ಟ ಸುಣ್ಣ ನಿಮ್ಮ ಗೋಡೆಗಳ ಮೇಲೆ ಬೆಳ್ಳಗೆ..."

ಅಲ್ಲಿಗೆ ದನಿ ಒಡೆಯಿತು. ಅವಳು ನೀರು ಕುಡಿದು ಮತ್ತೆ ಮೊದಲಿನಿಂದ ಓದಿದಳು. ಅದೇ ಮಾತಿನ ಹತ್ತಿರ ಮತ್ತೆ ಕೆಮ್ಮು ಒತ್ತಿ ಬಂತು. ಮೂರನೆಯ ಸಲ ಪ್ರಯತ್ನಿಸಲಿಲ್ಲ, ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಇಳಿದು ಹೋದಳು. ಸಮಿತಿಯ ಹಿರಿಯರೊಬ್ಬರು ಕರವಸ್ತ್ರದಿಂದ ಕಣ್ಣೊತ್ತಿಕೊಂಡು, "ಎಂಥಾ ಬರವಣಿಗೆ!" ಎಂದರು.

ಬಾಗಿಲು ಹಾಕಿಕೊಂಡು ಸಮಿತಿ ಕುಳಿತಾಗ ದೇವೀರಿ ಹೇಳಿದಳು, "ಅದು ಅವಳದೇ ಮಾತು. ವಾಗೀಶರಿಗೆ ಅವಳೇ ಹೇಳಿದ್ದು."

"ಇರಬಹುದು. ಆದರೆ ಅದು ನಮಗೆ ಮುಟ್ಟಿದ್ದು ವಾಗೀಶರಿಂದ" ಎಂದರು ಹಿರಿಯರು.

"ನಾನು ಒಪ್ಪೋದಿಲ್ಲ."

ಕುಲಪತಿ ತಮ್ಮ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡರು. "ನೀವು ಒಪ್ಪದಿದ್ದರೆ ಒಮ್ಮತವಿಲ್ಲ. ಒಮ್ಮತವಿಲ್ಲದಿದ್ದರೆ ಈ ಹುದ್ದೆ ರದ್ದಾಗುತ್ತೆ. ಮತ್ತೆ ಬರೋದಿಲ್ಲ. ಇವತ್ತು ವಾಗೀಶರು ಬಂದರೆ ಅವರ ಕೈಕೆಳಗೆ ಇನ್ನೊಂದು ಹುದ್ದೆ ಬರುತ್ತೆ, ಅದಕ್ಕೆ ಹೊನ್ನಿಯ ಹೆಸರನ್ನು ನಾನೇ ಹೇಳ್ತೀನಿ. ನಿಮ್ಮ ಹುಡುಗಿಯ ದಾರಿ ಮುಚ್ಚೋದು ತೆರೆಯೋದು ನಿಮ್ಮ ಕೈಯಲ್ಲಿದೆ."

ಹೊನ್ನಿಯ ಕಂಠ ಅಧ್ಯಾಪನಕ್ಕೆ ತಕ್ಕುದಲ್ಲ ಎಂಬ ನಿರ್ಣಯದ ಕೆಳಗೆ ಉಳಿದೆಲ್ಲರ ಸಹಿಗಳಿದ್ದವು. ಕೊನೆಗೆ ದೇವೀರಿಯದೂ ಬಿತ್ತು.

ನಿರ್ಣಯವನ್ನು ಮರುದಿನ ಗೋಡೆಗೆ ಅಂಟಿಸಿದರು. ಹೊನ್ನಿ ಅದನ್ನು ಓದಿದಳು. ಗುಡ್ಡದವರ ಸಹಿಗಳನ್ನು ಅವಳು ಮೊದಲೂ ನೋಡಿದ್ದಳು, ಅವು ಅವಳನ್ನು ನೋಯಿಸಲಿಲ್ಲ. ದೇವೀರಿ ಅವಳ ಮನೆಗೆ ಹೋದಾಗ ಹೊನ್ನಿ ಬಾಗಿಲಲ್ಲೇ ನಿಂತಳು, ಒಳಗೆ ಬನ್ನಿ ಎನ್ನಲಿಲ್ಲ.

"ಮುಂದಿನ ಹುದ್ದೆಗೆ..." ಎಂದು ದೇವೀರಿ ಶುರುಮಾಡಿದಳು.

"ಅಕ್ಕಾ, ನನ್ನ ಗಂಟಲು ಸರಿಯಿಲ್ಲ ಅಂತ ನೀವೂ ಬರೆದುಕೊಟ್ರಿ. ಇನ್ನೇನು ಉಳೀತು ಮಾತಾಡೋಕೆ?" ಎಂದು ಬಾಗಿಲು ಹಾಕಿಕೊಂಡಳು.

ಆ ವಾರದ ಬುಧವಾರ ದೇವೀರಿ ಎಂದಿನಂತೆ ವೇದಿಕೆ ಹತ್ತಿದಳು. ಸಭಾಂಗಣ ತುಂಬಿತ್ತು. ಹೊಸ ಹುದ್ದೆಗೆ ಬಂದ ವಾಗೀಶರಿಗೆ ಹಾರ ಹಾಕುವ ಕಾರ್ಯಕ್ರಮವಿತ್ತು. ಅವಳು ಹಾರವನ್ನು ಪಕ್ಕಕ್ಕಿಟ್ಟು ಮಾತಾಡತೊಡಗಿದಳು. ಅವಳ ದನಿ ಕಿಟಕಿಯಾಚೆಗೂ ಕೇಳುವಂಥದ್ದು. ಯಾರೂ ಕಿವಿಗೆ ಕೈ ಇಡಬೇಕಾಗಿ ಬರಲಿಲ್ಲ.

ಹೊನ್ನಿಗೆ ಏನಾಯಿತೆಂದು ಅವಳು ಹೇಳಿದಳು. ಯಾರ ಮಾತನ್ನು ಯಾರು ಪುಸ್ತಕ ಮಾಡಿದರು, ಆ ಪುಸ್ತಕವನ್ನು ಯಾರ ಕೈಯಲ್ಲಿ ಓದಿಸಿದರು, ಯಾರು ಅತ್ತರು, ಅತ್ತವರು ಎಲ್ಲಿ ಸಹಿ ಹಾಕಿದರು ಎಂದು ಹೆಸರು ಹಿಡಿದು ಹೇಳಿದಳು. ತನ್ನ ಹೆಸರನ್ನೂ ಬಿಡಲಿಲ್ಲ. "ನಾವು ಕೇಳಿದ್ದು ಒಂದೇ. ಕಂಠಪರೀಕ್ಷೆ ತೆಗೆಯಿರಿ. ಅದನ್ನು ಇವತ್ತೂ ಕೇಳ್ತೀನಿ. ತೆಗೀತೀರೋ ಇಲ್ಲವೋ?"

ಮುಂದಿನ ಸಾಲಿನ ಹೆಂಗಸು ಮತ್ತೆ ಅಳುತ್ತಿದ್ದಳು. ಈ ಸಲ ತನಗಾದ ನೋವಿಗೆ. ವಾಗೀಶರು ಬಿಳುಚಿಕೊಂಡು ಕುಳಿತಿದ್ದರು. ಜನ ಒಬ್ಬೊಬ್ಬರಾಗಿ ಎದ್ದು ಹೋದರು.

ಸಮಗೋಷ್ಠಿಯ ನಿಯಮವನ್ನು ಮುರಿದು ಹಲವರ ಮನಸ್ಸಿಗೆ ನೋವುಂಟುಮಾಡಿದ ಆರೋಪದ ಮೇಲೆ ದೇವೀರಿಯ ವಿಚಾರಣೆಗೆ ಆದೇಶವಾಯಿತು. ಆದರೆ ಒಂದು ತೊಡಕಿತ್ತು. ನೋವಾಯಿತು ಎಂದು ದೂರು ಕೊಟ್ಟವರೆಲ್ಲ ಗುಡ್ಡದವರು. ಗೂಡುಕೇರಿಯ ಒಬ್ಬಳೇ ಅಧ್ಯಾಪಕಿಯನ್ನು ಅವರ ಮಾತಿನ ಮೇಲೆ ತೆಗೆದುಹಾಕಿದರೆ ಚೆನ್ನಾಗಿ ಕಾಣುವುದಿಲ್ಲ. ಕುಲಪತಿ ಈ ಬಗ್ಗೆ ಯೋಚಿಸಿ, ಜೀವಮಾನದಲ್ಲಿ ಮೊದಲ ಸಲ ಗುಡ್ಡವಿಳಿದು ಗೂಡುಕೇರಿಗೆ ಬಂದರು. ಮೂಗಿಗೆ ಪಂಚೆಯ ಅಂಚು ಹಿಡಿದುಕೊಂಡು ಹೊನ್ನಿಯ ಮನೆಯ ಮುಂದೆ ನಿಂತರು.

"ಹೊನ್ನಮ್ಮನವರೇ, ಬರಬಹುದೇ?"

ಅವಳನ್ನು ಹಾಗೆ ಯಾರೂ ಕರೆದಿರಲಿಲ್ಲ. ಅವಳು ಚಾಪೆ ಹಾಸಿದಳು.

"ದೇವೀರಮ್ಮನವರು ಅಷ್ಟು ಜನರ ಮುಂದೆ ನಿಮ್ಮ ಹೆಸರು ಎತ್ತಿದರು. ನಿಮ್ಮನ್ನು ಕೇಳಿದ್ದರಾ?" ಎಂದು ಅವರು ವಿಚಾರಿಸಿದರು.

"ಇಲ್ಲ."

"ನಿಮಗೆ ನೋವಾಗಿರಬೇಕು."

"ಆಗಿದೆ."

"ಒಂದಕ್ಷರ ಸುಳ್ಳು ಹೇಳೋದು ಬೇಡ. ಆಗಿದ್ದನ್ನು ಬಂದು ಹೇಳಿ, ಅಷ್ಟೇ. ನಿಮ್ಮ ಮಾತನ್ನು ನೀವೇ ಹೇಳಿ. ನಡುವೆ ಯಾರೂ ಬೇಡ."

ಈ ಕೊನೆಯ ಮಾತಿಗೆ ಹೊನ್ನಿ ಸೋತಳು. ತನ್ನ ಮಾತನ್ನು ತಾನೇ ಹೇಳಬೇಕೆಂಬುದು ಬಿಟ್ಟರೆ ಅವಳು ಆ ಗುಡ್ಡದಿಂದ ಬೇರೇನನ್ನೂ ಬಯಸಿರಲಿಲ್ಲ.

ವಿಚಾರಣೆ ಬುಧವಾರವೇ ನಡೆಯಿತು, ಅದೇ ಸಭಾಂಗಣದಲ್ಲಿ. ದೇವೀರಿಯನ್ನು ಹೊರಗೆ ಕೂರಿಸಿದ್ದರು. ಹೊನ್ನಿ ವೇದಿಕೆಗೆ ಬಂದಾಗ ಗಾಳಿ ಸದ್ದು ಮಾಡದಿರಲೆಂದು ಕಿಟಕಿಗಳನ್ನು ಮುಚ್ಚಿಸಿದರು. ಚಹಾ ಕೊಡುವವರಿಗೆ ಲೋಟ ಅಲುಗಿಸಬೇಡಿರೆಂದು ಹೇಳಿದರು. ಹಿಂದಿನ ಸಾಲುಗಳವರು ಎದ್ದು ಬಂದು ವೇದಿಕೆಯ ಬುಡದಲ್ಲಿ ನೆಲದ ಮೇಲೆ ಕುಳಿತರು. ವಾಗೀಶರು ಬಾಯಿ ತೆರೆಯಲಿಲ್ಲ.

ಹೊನ್ನಿ ಮಾತಾಡಿದಳು. ದೇವೀರಕ್ಕ ತನ್ನ ಹೆಸರನ್ನು ತನ್ನನ್ನು ಕೇಳದೆ ಬಳಸಿದ್ದನ್ನು ಹೇಳಿದಳು. ಹುದ್ದೆ ನಿನ್ನದೇ ಎಂದು ಆಸೆ ಹುಟ್ಟಿಸಿ, ನೀನು ತಕ್ಕವಳಲ್ಲ ಎಂದು ಸಹಿ ಹಾಕಿದ್ದನ್ನು ಹೇಳಿದಳು. ಹಳೆಯ ಕೋಣೆಗೆ ಹಿಂದಿರುಗೋಣ ಎಂದಾಗ ಕೇಳದೆ ಹೋದದ್ದನ್ನು ಹೇಳಿದಳು. ನಡುವೆ ಕೆಮ್ಮು ಬಂತು. ಎಲ್ಲರೂ ಕಾದರು. ಒಬ್ಬರು ನೀರು ತಂದುಕೊಟ್ಟರು. ಅವಳು ಮುಂದುವರಿಸಿದಳು. ಅಂದು ಯಾರೂ ಜೋರಾಗಿ ಎನ್ನಲಿಲ್ಲ.

ಮುಗಿದ ಮೇಲೆ ಕುಲಪತಿ ಎದ್ದು ಕೈಮುಗಿದರು. "ಈ ಸಭಾಂಗಣದಲ್ಲಿ ಇಂಥ ಮಾತನ್ನು ನಾನು ಕೇಳಿರಲಿಲ್ಲ" ಎಂದರು.

"ನಿಮಗೆಲ್ಲ ಕೇಳಿಸಿತಾ?" ಎಂದು ಹೊನ್ನಿ ಕೇಳಿದಳು.

"ಒಂದೊಂದು ಅಕ್ಷರವೂ."

"ಕೊನೇ ಸಾಲಿನವರಿಗೂ?"

ಕೊನೆಯ ಸಾಲಿನಿಂದ ಎದ್ದು ಬಂದು ಕುಳಿತವರೂ ತಲೆಯಾಡಿಸಿದರು.

"ಹಾಗಾದ್ರೆ ನಾನು ಪಾಸಾದೆ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅನಂತರ ವಾಗೀಶರು ನಕ್ಕರು. ಅವರ ನಗುವಿನಲ್ಲಿ ವ್ಯಂಗ್ಯವಿರಲಿಲ್ಲ, ವಾತ್ಸಲ್ಯವಿತ್ತು. ಅದನ್ನು ಕಂಡು ಇಡೀ ಸಭೆ ಹಗುರಾಗಿ ನಕ್ಕಿತು. ಕುಲಪತಿ ಅವಳ ಹತ್ತಿರ ಬಂದು ಮೃದುವಾಗಿ ಹೇಳಿದರು:

"ಇದು ಗೋಷ್ಠಿ, ತಾಯಿ. ಪರೀಕ್ಷೆಯಲ್ಲ."

ಹೊನ್ನಿ ಹೊರಗೆ ಬಂದಾಗ ದೇವೀರಿ ಜಗಲಿಯ ಮೇಲೆ ಕುಳಿತಿದ್ದಳು. ಒಳಗೆ ಅವಳನ್ನು ಕೆಲಸದಿಂದ ತೆಗೆದುಹಾಕುವ ನಿರ್ಣಯವನ್ನು ಓದುತ್ತಿದ್ದರು. ಹೊನ್ನಿ ಹೋಗಿಬಿಡಬೇಕೆಂದಿದ್ದವಳು ಹೋಗಲಾಗದೆ ನಿಂತಳು.

"ನಾನು ಸುಳ್ಳು ಹೇಳಲಿಲ್ಲ ಅಕ್ಕಾ."

"ಗೊತ್ತು" ಎಂದಳು ದೇವೀರಿ. "ಸುಳ್ಳು ಹೇಳೋರು ಅವರಲ್ಲೇ ಬೇಕಾದಷ್ಟು ಜನ ಇದ್ರು. ನಿನ್ನ ಹತ್ರ ಇದ್ದದ್ದು ನಿಜ. ಅದಕ್ಕೇ ಬಂದು ಕೇಳಿದ್ರು."

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮುಚ್ಚಿದ ಕಿಟಕಿಗಳ ಹಿಂದೆ ಮುಂದಿನ ಬುಧವಾರದ ವಿಷಯವನ್ನು ಗೊತ್ತುಮಾಡುತ್ತಿದ್ದರು. ಯಾರೋ ಎದ್ದು ಸೂಚಿಸಿದರು, ಯಾರೋ ಅನುಮೋದಿಸಿದರು. ಅವರ ತಿಳಿಯಾದ ದನಿ ಜಗಲಿಯವರೆಗೂ ಸ್ಪಷ್ಟವಾಗಿ ಕೇಳಿಸಿತು. "ಗೂಡುಕೇರಿಯವರಲ್ಲಿ ಒಗ್ಗಟ್ಟು ಏಕಿಲ್ಲ?" ಎಂಬುದು ಆ ವಿಷಯವಾಗಿತ್ತು. ಅದಕ್ಕೆ ಸಭೆಯಲ್ಲಿ ಒಬ್ಬರ ಆಕ್ಷೇಪವೂ ಇರಲಿಲ್ಲ.